ಪ್ರೊಫೆಸರರ ಕಡಾಯಿ

ಸ್ಕಾರ್ವೋಯ್ ದ್ವೀಪದ ಸಮಸ್ತ ದೋಣಿಯವರಿಗೂ, ಮೀನು ಸೀಳುವವರಿಗೂ, ಉಪ್ಪು ಹಾಕುವವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಂದರಿನ ಬಾವುಟದ ಕಂಬದ ಹಳೆಯ ಹಗ್ಗವು ಹದಿನಾಲ್ಕು ವರ್ಷಗಳ ನಿಷ್ಕಳಂಕ ಸೇವೆಯ ನಂತರ ನಿವೃತ್ತಿ ಹೊಂದಿದೆ. ಅದರ ಸ್ಥಾನದಲ್ಲಿ ಹೊಸ ಹಗ್ಗವು ಇಂದು ಬೆಳಿಗ್ಗೆ ಅಧಿಕಾರ ವಹಿಸಿಕೊಂಡಿದೆ. ನಿವೃತ್ತ ಹಗ್ಗವನ್ನು ಮೇಕೆ ಕಟ್ಟಲಾಗಲಿ, ಒಳಉಡುಪು ಒಣಹಾಕಲಾಗಲಿ ಯಾರೂ ಬಳಸತಕ್ಕದ್ದಲ್ಲ. ಅದು ಇನ್ನೂ ಸರ್ಕಾರದ ಸ್ವತ್ತು. ಸಹಿ: ಕ್ಯಾಪ್ಟನ್ ಕ್ರೋಗ್ನೆಸ್, ಮೀನುಗಾರಿಕೆ ಮೇಲ್ವಿಚಾರಕ.

ಈ ಪ್ರಕಟಣೆಯನ್ನು ಮೀನೆಣ್ಣೆ ಗೋದಾಮಿನ ಬಾಗಿಲಿಗೆ ನಾಲ್ಕು ಮೊಳೆ ಹೊಡೆದು ಬಿಗಿದಿದ್ದರು. ಆ ಬಾಗಿಲಿನ ಹಲಗೆಗಳಿಗೇ ಅಷ್ಟು ಮೊಳೆ ಇರಲಿಲ್ಲ. ಸೆವೆರಿನ್ ಟಾಂಗ್ವಾಲ್ ಅದನ್ನು ಎರಡು ಸಲ ಓದಿದ. ನಗು ಬಂತು. ಆದರೆ ನಗುವ ಹಕ್ಕು ತನಗಿಲ್ಲ ಎಂದೂ ಅನ್ನಿಸಿತು, ಏಕೆಂದರೆ ಹಳೆಯ ಹಗ್ಗದ ಕೆಲಸ ಹೋದದ್ದು ಅವನಿಂದಲೇ.

ಆ ಕಂಬಕ್ಕೂ ದ್ವೀಪಕ್ಕೂ ಹಳೆಯ ನಂಟು. ಚಳಿಗಾಲದಲ್ಲಿ ಕಾಡ್ ಮೀನು ಬಂದಾಗ ಇಡೀ ಕರಾವಳಿಯ ಗಂಡಸರು ಸ್ಕಾರ್ವೋಯ್ ಸೇರಿದ ಈ ಲೋಫೋಟನ್ ದ್ವೀಪಗಳಿಗೆ ಬಂದು ಸೇರುತ್ತಾರೆ. ಬೆಳಿಗ್ಗೆ ಆರಕ್ಕೆ ಮೇಲ್ವಿಚಾರಕ ಬಾವುಟ ಏರಿಸುವ ತನಕ ಒಬ್ಬನೂ ದಡ ಬಿಡುವಂತಿಲ್ಲ. ನೂರಾರು ಜನ ಹುಟ್ಟು ಹಿಡಿದು, ಉಸಿರೂ ಹಿಡಿದು, ಅಂಗೈಯಗಲದ ಬಟ್ಟೆಯನ್ನೇ ನೋಡುತ್ತ ಕೂತಿರುತ್ತಾರೆ. ಅದು ಏರಿತೋ, ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಈ ವರ್ಷದಿಂದ ಒಂದು ಬದಲಾವಣೆ. ಬಿರುಗಾಳಿ ಬರುವ ದಿನ ಬಾವುಟದ ಬದಲು ಡಾಂಬರು ಬಳಿದ ಕಪ್ಪು ಬುಟ್ಟಿ ಏರಬೇಕು. ಬುಟ್ಟಿ ಏರಿದ ದಿನ ಕಡಲಿಗೆ ರಜೆ. ಬಿರುಗಾಳಿ ಬರುತ್ತದೋ ಇಲ್ಲವೋ ಎಂದು ಹೇಳುವುದು ಸೆವೆರಿನ್‌ನ ಸಮೀಕರಣ. ಬುಟ್ಟಿ ಭಾರ, ಅದಕ್ಕೇ ಹೊಸ ಹಗ್ಗ.

ಅವನು ಈ ದ್ವೀಪದವನೇ. ಐವತ್ತೆರಡು ವರ್ಷದ ಹಿಂದೆ ಇದೇ ದಡಕ್ಕೆ ಅವನ ಅಪ್ಪನ ದೋಣಿ ಬೋರಲಾಗಿ ತೇಲಿ ಬಂದಿತ್ತು. ಬೋರಲಾದ ದೋಣಿಯ ಬೆನ್ನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನೀರಿಗೆ ಬಿದ್ದವರು ಸೊಂಟದ ಚೂರಿ ಕಿತ್ತು ಹಲಗೆಗೆ ಚುಚ್ಚಿ, ಕೈ ಮರಗಟ್ಟುವ ತನಕ ಅದನ್ನೇ ಹಿಡಿದು ನೇತಾಡುತ್ತಾರೆ. ಆ ದೋಣಿಯ ಬೆನ್ನಲ್ಲಿ ಐದು ಚೂರಿ ಇದ್ದವು. ಹೋಗಿದ್ದವರು ಆರು ಜನ. ಎಂಟು ವರ್ಷದ ಸೆವೆರಿನ್ ಯಾರೂ ಹೇಳಿಕೊಡದೆ ಮಾಡಿದ ಮೊದಲ ಕಳೆಯುವ ಲೆಕ್ಕ ಅದು. ಮೂಳೆಯ ಹಿಡಿಯ ಒಂದು ಚೂರಿ ಅಪ್ಪನದು. ಮೂರು ತಿಂಗಳ ನಂತರ ತಮ್ಮ ಹಾಗ್ಬಾರ್ಟ್ ಹುಟ್ಟಿದ. ಚೂರಿ ಅವನ ಪಾಲಿಗೆ ಹೋಯಿತು, ಲೆಕ್ಕ ಸೆವೆರಿನ್‌ನ ಪಾಲಿಗೆ ಬಂತು.

ಪಾದ್ರಿಯೊಬ್ಬರು ಅವನನ್ನು ಓದಲು ರಾಜಧಾನಿ ಕ್ರಿಸ್ಟಿಯಾನಿಯಾಕ್ಕೆ ಕಳಿಸಿದರು. ಇಪ್ಪತ್ತಾರಕ್ಕೆ ಪ್ರೊಫೆಸರ್, ನಲವತ್ತೆಂಟಕ್ಕೆ ಮಂತ್ರಿ, ಐವತ್ತನಾಲ್ಕಕ್ಕೆ ಮಾಜಿ. ಮಂತ್ರಿಯಾಗಿ ಯಂತ್ರದ ಹಾಗೆ ದುಡಿದ, ತಂತ್ರ ಮಾತ್ರ ಕಲಿಯಲಿಲ್ಲ. ಹಾಗಾಗಿ ಮಾಜಿಯಾದದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಡುವೆ ದೇಶದ ಜನ ಯಾವ ವಯಸ್ಸಿನಲ್ಲಿ ಎಷ್ಟೆಷ್ಟು ಸಾಯುತ್ತಾರೆ ಎಂಬ ಕೋಷ್ಟಕ ಬರೆದ. ಲೋಫೋಟನ್‌ನಲ್ಲಿ ಕಡಲಿಗೆ ಹೋಗುವ ನೂರು ಜನರಲ್ಲಿ ವರ್ಷಕ್ಕೆ ಒಂದು ಚಿಲ್ಲರೆ ಜನ ವಾಪಸು ಬರುವುದಿಲ್ಲ ಎಂದು ಅದರಲ್ಲಿತ್ತು. ಆ ಪುಸ್ತಕವನ್ನು ಹೆಮ್ಮೆಯಿಂದ ತಮ್ಮನಿಗೆ ಕಳಿಸಿದ್ದ. ಮುಂದಿನ ಬೇಸಿಗೆಯಲ್ಲಿ ಸಿಕ್ಕಾಗ ಹಾಗ್ಬಾರ್ಟ್ ಒಣಮೀನು ಜಗಿಯುತ್ತ ಒಂದೇ ಪ್ರಶ್ನೆ ಕೇಳಿದ.

"ಒಂದು ಅಂದ್ರೆ ಗೊತ್ತಾಯ್ತು ಅಣ್ಣ. ಆ ಚಿಲ್ಲರೆ ಯಾರು?"

ಮಂತ್ರಿ ಪದವಿ ಹೋದ ಮೇಲೆ ಸೆವೆರಿನ್ ಆರು ವರ್ಷ ಆ ಚಿಲ್ಲರೆಯ ಬೆನ್ನು ಹತ್ತಿದ. ಬಿರುಗಾಳಿ ಇಲ್ಲಿಗೆ ಬರುವ ಮೊದಲು ದಕ್ಷಿಣದ ಊರುಗಳಲ್ಲಿ ಪಾದರಸ ಕುಸಿಯುತ್ತದೆ. ಯಾವ ಊರಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕುಸಿಯಿತೆಂದು ತಂತಿಯಲ್ಲಿ ತರಿಸಿದರೆ ಮಿಕ್ಕಿದ್ದು ಲೆಕ್ಕ. ಲೆಕ್ಕ ಸುಲಭವಾಗಿತ್ತು, ಬುಟ್ಟಿಯನ್ನು ಕಾನೂನು ಮಾಡಿಸಲು ಶಾಸನಸಭೆ ಕಷ್ಟವಾಯಿತು. ಬುಟ್ಟಿ ಏರಿದ ದಿನ ರೋಗಿಯನ್ನು ನೋಡಲು ಪಾದ್ರಿ ಹೋಗಬೇಕಾದರೆ? ಹೆರಿಗೆಗೆ ಸೂಲಗಿತ್ತಿ ಹೋಗಬೇಕಾದರೆ? ಎಂದು ಒಬ್ಬ ಸದಸ್ಯ ಮೂರು ದಿನ ಕೇಳಿದ. ಆ ಸದಸ್ಯನಿಗೆ ಮಕ್ಕಳೂ ಇರಲಿಲ್ಲ, ದೇವರ ಮೇಲೆ ಹೇಳಿಕೊಳ್ಳುವಂಥ ನಂಬಿಕೆಯೂ ಇರಲಿಲ್ಲ. ಸೆವೆರಿನ್ ಅಲ್ಲೇ ಕೂತು, ಮೀನುಗಾರಿಕೆ ದೋಣಿ ಎಂದರೇನು ಎಂದು ಕೂದಲೂ ನುಸುಳದ ಹಾಗೆ ಒಂದು ವ್ಯಾಖ್ಯೆ ಬರೆದು ಕಲಂ ಒಂದಕ್ಕೆ ಸೇರಿಸಿದ. ಪಾದ್ರಿಗೂ ಸೂಲಗಿತ್ತಿಗೂ ದಾರಿ ಬಿಟ್ಟಿತು, ಮೀನುಗಾರನಿಗೆ ಬಾಗಿಲು ಹಾಕಿತು. ಕಲಂ ಎರಡರಲ್ಲಿ ಬುಟ್ಟಿ. ಕಲಂ ಮೂರರಲ್ಲಿ, ಬುಟ್ಟಿ ಏರಿದ ದಿನ ಹಳೆಯ ಬಾವುಟದ ಕಾನೂನು ಪೂರ್ತಿ ಮಲಗಿರತಕ್ಕದ್ದು ಎಂದು ಬರೆದ. ಒಂದೇ ಸಮೀಕರಣಕ್ಕೆ ಎರಡು ಉತ್ತರ ಇರುವುದು ಅವನಿಗೆ ಮೊದಲಿಂದಲೂ ಸೇರದು.

ಮೊದಲ ಚಳಿಗಾಲವನ್ನು ಕಣ್ಣಾರೆ ನೋಡಬೇಕೆಂದು ಅವನು ಫೆಬ್ರವರಿಯಲ್ಲಿ ಸ್ಕಾರ್ವೋಯ್‌ಗೆ ಬಂದು ಕ್ಯಾಪ್ಟನ್‌ನ ಮನೆಯಲ್ಲಿ ಇಳಿದುಕೊಂಡ. ತಮ್ಮನ ಜೊತೆ ಇರಬಹುದಿತ್ತು. ಆದರೆ ಹಾಗ್ಬಾರ್ಟ್‌ನ ಗುಡಿಸಲಿನಲ್ಲಿ ಆರು ಗಂಡಸರು, ಹನ್ನೆರಡು ಒದ್ದೆ ಬೂಟು, ಒಂದು ಒಲೆ. ಮಾಜಿ ಮಂತ್ರಿಗೆ ಅಲ್ಲಿ ಹಾಸಿಗೆ ಹಾಕಲು ಬೂಟೇ ಜಾಗ ಬಿಡಲಿಲ್ಲ.

ಎರಡು ವಾರದ ಹಿಂದೆ ಬುಟ್ಟಿ ಮೊದಲ ಸಲ, ಹಳೆಯ ಹಗ್ಗದಲ್ಲೇ ಏರಿತು. ಎರಡು ದಿನ ಏರಿಯೇ ಇತ್ತು. ಆ ಎರಡು ದಿನವೂ ಸ್ಕಾರ್ವೋಯ್‌ನಲ್ಲಿ ಮೇ ತಿಂಗಳಿನಂಥ ಬಿಸಿಲು. ಹೆಂಗಸರು ಕಂಬಳಿ ಒಗೆದು ಹಾಕಿದರು. ಬಿರುಗಾಳಿ ನೂರು ಮೈಲಿ ಆಚೆ ತಿರುಗಿಕೊಂಡು ಬೇರೆ ಯಾರ ಮನೆಗೋ ಹೋಗಿತ್ತು. ಕಡಲಲ್ಲಿ ಬಿಟ್ಟಿದ್ದ ಬಲೆಗಳಲ್ಲಿ ಎರಡು ದಿನದ ಮೀನು ಕೊಳೆತು ಮೆತ್ತಗಾಯಿತು. ಬಂದರೆ ಬಿರುಗಾಳಿ, ಬಾರದಿದ್ದರೆ ಬರೀ ಗಾಳಿ ಎಂದು ದಡದಲ್ಲಿ ಹಾಡು ಕಟ್ಟಿದರು. ಬುಟ್ಟಿಗೆ ಪ್ರೊಫೆಸರರ ಕಡಾಯಿ ಎಂಬ ಹೆಸರು ಬಿತ್ತು. ಒಲೆಯ ಮೇಲೆ ಏರುತ್ತದೆ, ಏನೂ ಬೇಯುವುದಿಲ್ಲ. ಸೆವೆರಿನ್ ಹಾದುಹೋಗುವಾಗ ಮೀನು ಸೀಳುವ ಮುದುಕಿಯೊಬ್ಬಳು ಕತ್ತೆತ್ತದೆ ಕೇಳಿದ್ದಳು, "ಏನ್ ಸ್ವಾಮಿ, ಇವತ್ತು ಅಡುಗೆ ಏನು?"

ಅವನು ಬೇಸರ ಪಟ್ಟುಕೊಳ್ಳಲಿಲ್ಲ. ಹೋದ ಸಲ ಸಮೀಕರಣ ಕೊಟ್ಟದ್ದು ನೂರಕ್ಕೆ ಅರವತ್ತು. ನಲವತ್ತು ಗೆದ್ದಿತ್ತು, ಅಷ್ಟೆ. ಗಣಿತದಲ್ಲಿ ಅದು ಅವಮಾನವಲ್ಲ.

ಪ್ರಕಟಣೆ ಓದಿದ ಮರುದಿನ, ಮಾರ್ಚ್ ತಿಂಗಳ ಆ ಗುರುವಾರ ಬೆಳಿಗ್ಗೆ ಐದಕ್ಕೆ ಅವನು ತಂತಿ ಕಚೇರಿಗೆ ಬಂದಾಗ ಬೆಳಕು ಹರಿಯುತ್ತಿತ್ತು. ಒಂದು ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಕೊಲ್ಲಿಯ ನೀರು ಎಣ್ಣೆ ಸವರಿದ ಹಾಗೆ ನುಣುಪಾಗಿತ್ತು. ಆದರೆ ಆ ನುಣುಪಿನ ಅಡಿಯಲ್ಲಿ ನೈಋತ್ಯದಿಂದ ಏನೋ ಒಂದು ನಿಧಾನವಾಗಿ ಮಗ್ಗುಲು ಬದಲಿಸುತ್ತಿತ್ತು. ಗಾಳಿಯಿಲ್ಲದೆ ಅಲೆ. ಕಟ್ಟಿದ ದೋಣಿಗಳು ಒಂದಾದ ಮೇಲೊಂದು ಎದ್ದು, ತಲೆಬಾಗಿ, ಕೂರುತ್ತಿದ್ದವು. ಕಡಲಹಕ್ಕಿಗಳೆಲ್ಲ ಚರ್ಚಿನ ಗೋಡೆಯ ಮರೆಯಲ್ಲಿ, ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಒಂದೂ ಕೂಗುತ್ತಿರಲಿಲ್ಲ.

ತಂತಿ ಕಚೇರಿಯ ಲೊವೀಸ ಡರೆ ಎರಡು ಸಂದೇಶದ ನಡುವೆ ಕೈಗವಸು ಹೆಣೆಯುವವಳು. ಅವತ್ತು ಸೂಜಿಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು.

"ಸಾಹೇಬ್ರೇ, ಓಲೆಸುಂಡ್‌ನಲ್ಲಿ ಪಾದರಸ ಬಿದ್ದಿದೆ. ಕ್ರಿಸ್ಟಿಯಾನ್‌ಸುಂಡ್‌ನಲ್ಲೂ ಬೀಳ್ತಿದೆ."

"ಎಷ್ಟು ಬಿದ್ದಿದೆ?"

"ಬಿದ್ದಿದೆ ಅಂದಿದ್ದು ಓಲೆಸುಂಡ್‌ಗೆ. ಕ್ರಿಸ್ಟಿಯಾನ್‌ಸುಂಡ್ ಇನ್ನೂ ನಿಂತಿಲ್ಲ. ಅಲ್ಲಿನವನು ಅಂಕಿ ಕಳಿಸ್ತಾನೆ, ಆಮೇಲೆ ತಡಿ ತಡಿ ಅಂತಾನೆ, ಇನ್ನೊಂದು ಅಂಕಿ ಕಳಿಸ್ತಾನೆ."

ಅವನು ಲೆಕ್ಕ ಮಾಡಿದ. ಮತ್ತೆ ಮಾಡಿದ. ಮೂರನೇ ಸಲ ಹಿಂದಿನಿಂದ ಮುಂದಕ್ಕೆ ಮಾಡಿದ. ಬಿರುಗಾಳಿ ಹನ್ನೊಂದಕ್ಕೆ ಬರುತ್ತದೆ, ಹೆಚ್ಚೆಂದರೆ ಹನ್ನೊಂದೂಕಾಲಿಗೆ. ನೂರಕ್ಕೆ ತೊಂಬತ್ತಾರು. ಆರಕ್ಕೆ ಹೊರಟ ದೋಣಿ ಬಲೆಯ ಹತ್ತಿರ ತಲುಪಲು ಎರಡು ಗಂಟೆ, ಬಲೆ ಎಳೆಯಲು ಮೂರು. ಅಂದರೆ ಹನ್ನೊಂದಕ್ಕೆ ಅವರು ದಡದಿಂದ ಅತಿ ದೂರದಲ್ಲಿ, ಮೀನಿನ ಭಾರಕ್ಕೆ ಅಂಚು ಮುಳುಗುವಷ್ಟು ತುಂಬಿದ ದೋಣಿಯಲ್ಲಿ ಇರುತ್ತಾರೆ. ಅವರಲ್ಲಿ ಒಬ್ಬನ ಸೊಂಟದಲ್ಲಿ ಮೂಳೆಯ ಹಿಡಿಯ ಚೂರಿ ಇರುತ್ತದೆ.

ಐದೂ ಮುಕ್ಕಾಲಿಗೆ ಹೊಸ ಹಗ್ಗ ಕಿರುಗುಟ್ಟುತ್ತ ಬುಟ್ಟಿಯನ್ನು ಮೇಲೆತ್ತಿತು. ಮಂಕು ಬೆಳಕಿನಲ್ಲಿ ಅದು ಕಂಬದ ತುದಿಯಲ್ಲಿ ಯಾರೋ ತೂಗುಬಿಟ್ಟ ತಲೆಯ ಹಾಗೆ ಕಾಣಿಸಿತು. ಸೆವೆರಿನ್ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ನಿಂತ. ಬೈಗುಳ ಬರಲಿಲ್ಲ. ಹಾಡೂ ಬರಲಿಲ್ಲ. ನಲವತ್ತು ದೋಣಿಗಳ ಜನ ತಮ್ಮ ತಮ್ಮ ಜಾಗದಲ್ಲಿ ಕೂತೇ ಇದ್ದರು. ತೊಗಲಿನ ಷರಾಯಿ, ಉಣ್ಣೆಯ ಕೈಗವಸು, ಊಟದ ಡಬ್ಬಿ, ಎಲ್ಲ ಸಿದ್ಧ. ರಜೆ ಸಿಕ್ಕವರು ಹೀಗೆ ಕೂರುವುದಿಲ್ಲ.

ಹಾಗ್ಬಾರ್ಟ್ ದೋಣಿಯಿಂದ ಇಳಿದು ಬಂದ. ಟೋಪಿ ತೆಗೆದು ಅದರ ಒಳಗಿನಿಂದ ಎಂಟು ಮಡಿಕೆ ಮಾಡಿದ ಒಂದು ಕಾಗದ ತೆಗೆದ. ಮೂಲೆಗಳಲ್ಲಿ ಮೊಳೆಯ ತೂತು. ಬುಟ್ಟಿಯ ಕಾನೂನು, ಗುಡಿಸಲಿನ ಗೋಡೆಯಿಂದ ಕಿತ್ತದ್ದು.

"ಅಣ್ಣ, ಬೆಳಿಗ್ಗೆ ಬೆಳಿಗ್ಗೆ ತಲೆ ತಿಂತಾನೆ ಅನ್ಕೋಬೇಡ. ಒಂದು ಅನುಮಾನ."

"ಅನುಮಾನ ಏನೂ ಇಲ್ಲ ಹಾಗ್ಬಾರ್ಟ್. ಹನ್ನೊಂದಕ್ಕೆ ಬರತ್ತೆ."

"ಗಾಳಿ ವಿಷಯ ಅಲ್ಲ, ಕಾಗದದ ವಿಷಯ. ಹೋದ ಸಲ ಎರಡು ದಿನ ದಡದಲ್ಲಿ ಕೂರಿಸಿದ್ಯಲ್ಲ, ಓದೋಕೆ ಗೋಡೆ ಮೇಲೆ ಇದೊಂದೇ ಇದ್ದಿದ್ದು. ಆರೂ ಜನ ಬಾಯಿಪಾಠ ಮಾಡಿದೀವಿ. ಚೆನ್ನಾಗಿ ಬರ್ದಿದೀಯ, ಎಲ್ಲೂ ಒಂದು ಮಾತು ಹೆಚ್ಚಿಲ್ಲ." ಅವನು ಕ್ಯಾಪ್ಟನ್‌ನ ಕಡೆ ತಿರುಗಿದ. "ಸಾಹೇಬ್ರೇ, ಕಲಂ ಒಂದು ಸ್ವಲ್ಪ ಓದಿ. ನನ್ನ ಉಚ್ಚಾರ ಸರಿ ಇಲ್ಲ."

ಸರ್ಕಾರದ ಕಾಗದ ಎಂದರೆ ಕ್ಯಾಪ್ಟನ್ ಕ್ರೋಗ್ನೆಸ್‌ಗೆ ಬಿಸಿ ರೊಟ್ಟಿಯ ಹಾಗೆ. ಕನ್ನಡಕ ಏರಿಸಿ, ಗಂಟಲು ಸರಿ ಮಾಡಿಕೊಂಡು ಓದಿದ. "ಮೀನುಗಾರಿಕೆ ದೋಣಿ ಎಂದರೆ, ಬಲೆಯನ್ನಾಗಲಿ ಗಾಳವನ್ನಾಗಲಿ ಹೊತ್ತು ದಡ ಬಿಡುವ ದೋಣಿ. ಇತರ ದೋಣಿಗಳಿಗೆ ಈ ಕಾನೂನು ಅನ್ವಯಿಸತಕ್ಕದ್ದಲ್ಲ."

"ಈಗ ಬಂದು ನಮ್ಮ ದೋಣೀಲಿ ಏನಿದೆ ನೋಡ್ಬಿಡಿ."

ಕ್ಯಾಪ್ಟನ್ ಹೋಗಿ ನೋಡಿದ. ಹುಟ್ಟು, ಹಾಯಿ, ನೀರೆತ್ತುವ ಚಿಪ್ಪು, ಊಟದ ಡಬ್ಬಿ, ಐದು ಜನ. ಬಲೆ ಇರಲಿಲ್ಲ. ಬಲೆ ಹೇಗಿದ್ದೀತು? ನಿನ್ನೆ ಸಂಜೆಯೇ ಹೋಗಿ ಕಡಲಿಗೆ ಬಿಟ್ಟು ಬಂದಿದ್ದರು. ಈ ಜನ ಹುಟ್ಟಿದಾಗಿನಿಂದ ಬಲೆ ಹೊತ್ತು ಹೋಗುವುದು ಮಧ್ಯಾಹ್ನದ ಮೇಲೆ, ಬೆಳಿಗ್ಗೆ ಹೋಗುವುದು ಖಾಲಿ ದೋಣಿಯಲ್ಲಿ, ಬಲೆ ಎಳೆದು ತರುವುದಕ್ಕೆ. ಕ್ಯಾಪ್ಟನ್ ಪಕ್ಕದ ದೋಣಿ ನೋಡಿದ. ಅದರ ಪಕ್ಕದ್ದು ನೋಡಿದ. ಪೆನ್ಸಿಲನ್ನು ನಾಲಿಗೆಗೆ ತಾಕಿಸಿ ಸಣ್ಣ ಪುಸ್ತಕದಲ್ಲಿ ಗುರುತು ಹಾಕುತ್ತ ನಲವತ್ತೂ ದೋಣಿ ನೋಡಿದ. ಅಷ್ಟು ಹೊತ್ತೂ ಸೆವೆರಿನ್ ನಿಂತಲ್ಲೇ ನಿಂತಿದ್ದ.

ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿತ್ತು. ಆದರೆ ವ್ಯಾಖ್ಯೆ ಬರೆಯುವಾಗ ಕಣ್ಣು ಮುಚ್ಚಿ ಅಪ್ಪನ ದೋಣಿಯನ್ನು ನೆನೆಸಿಕೊಂಡಿದ್ದ. ನೆನಪಿಗೆ ಬಂದದ್ದು ಮಧ್ಯಾಹ್ನದ ದೋಣಿ, ಹಿಂಬದಿಯಲ್ಲಿ ಎದೆಯೆತ್ತರ ಬಲೆ ಪೇರಿಸಿಕೊಂಡು ಹೊರಡುತ್ತಿದ್ದದ್ದು, ತಾನು ದಡದಲ್ಲಿ ಕೈ ಬೀಸುತ್ತಿದ್ದದ್ದು. ಬೆಳಗಿನ ದೋಣಿಯನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಎಂಟು ವರ್ಷದವನು ಮಲಗಿರುತ್ತಿದ್ದ. ಅಪ್ಪ ಕೊನೆಯ ಸಲ ಹೋದ ಬೆಳಿಗ್ಗೆಯೂ ಮಲಗಿದ್ದ.

"ಮಂತ್ರಿಗಳೇ," ಕ್ಯಾಪ್ಟನ್ ಬಂದು ಹೇಳಿದ, "ಕಲಂ ಒಂದರ ಪ್ರಕಾರ ಈ ಬಂದರಿನಲ್ಲಿ ಸದ್ಯಕ್ಕೆ ಒಂದೂ ಮೀನುಗಾರಿಕೆ ದೋಣಿ ಇಲ್ಲ."

"ಹಾಗಾದ್ರೆ ಹಳೇ ಕಾನೂನು ಇದೆಯಲ್ರೀ. ಬಾವುಟ ಏರಿಸದೆ ಯಾವ ದೋಣಿಯೂ ಹೊರಡೋ ಹಾಗಿಲ್ಲ."

"ಬುಟ್ಟಿ ಏರಿದ ದಿನ ಅದು ಮಲಗಿರತ್ತೆ. ಕಲಂ ಮೂರು." ಕ್ಯಾಪ್ಟನ್‌ನ ದನಿಯಲ್ಲಿ ನಿಜವಾದ ಮರುಕವಿತ್ತು. "ಬುಟ್ಟಿ ಇಳಿಸಿದ್ರೆ ಏಳತ್ತೆ. ಆದ್ರೆ ಇಳಿಸಿದ್ರೆ ಕೂಡಲೇ ಬಾವುಟ ಏರಿಸ್ಲೇಬೇಕು. ತಿದ್ದುಪಡಿಗೆ ಅರ್ಜಿ ಬರೆದ್ರೆ ಮುಂದಿನ ಅಧಿವೇಶನಕ್ಕೆ ಆಗಬಹುದು."

ಸೆವೆರಿನ್ ತಮ್ಮನ ತೋಳು ಹಿಡಿದ. ಹೋದ ಸಲದ್ದು ಅರವತ್ತು, ಈ ಸಲ ತೊಂಬತ್ತಾರು ಎಂದ. ಕ್ರಿಸ್ಟಿಯಾನ್‌ಸುಂಡ್‌ನಲ್ಲಿ ಪಾದರಸ ಇನ್ನೂ ನಿಂತಿಲ್ಲ ಎಂದ. ಅಲೆ ನೋಡು, ಹಕ್ಕಿ ನೋಡು ಎಂದ. ಜೀವನದಲ್ಲಿ ಮೊದಲ ಸಲ ಅಂಕಿಯ ಜೊತೆ ಹಕ್ಕಿಯನ್ನೂ ಸಾಕ್ಷಿಗೆ ಕರೆದ.

"ಇನ್ನು ನಾಲ್ಕು ಉಳೀತಲ್ಲ," ಹಾಗ್ಬಾರ್ಟ್ ನಕ್ಕ. "ನಾವು ಆರು ಜನ. ಇಬ್ಬರನ್ನ ಹೇಗೋ ಹೊಂದಿಸ್ಕೋತೀವಿ."

"ತಮಾಷೆ ಮಾಡ್ಬೇಡ. ಅಪ್ಪನ ದೋಣಿ ಬಂದಾಗ ನೀನಿನ್ನೂ ಹುಟ್ಟಿರಲಿಲ್ಲ. ನಾನು ನೋಡಿದೀನಿ."

ಹಾಗ್ಬಾರ್ಟ್‌ನ ನಗು ಹೋಯಿತು. ಅವನು ದನಿ ತಗ್ಗಿಸಿದ. "ಅಲೆ ನಂಗೂ ಕಾಣ್ತಿದೆ ಅಣ್ಣ. ಬರತ್ತೆ ಅಂತ ನೀನು ಹೇಳ್ತೀಯ, ನಂಬ್ತೀನಿ. ಆದ್ರೆ ಬಂದ್ರೆ ಬಲೆ ಉಳಿಯತ್ತಾ? ಹನ್ನೆರಡು ಬಲೆ. ಹೆಂಡ್ತಿ, ಮಕ್ಕಳು ಮೂರು ವರ್ಷ ಕೂತು ಹೆಣೆದಿದ್ದು. ನಿನ್ನ ಮಾತು ಸುಳ್ಳಾಗಿದ್ರೆ ಇವತ್ತು ಮನೇಲೇ ಮಲಗ್ತಿದ್ದೆ. ನಿಜ ಅಂತಾನೇ ಹೋಗ್ತಿರೋದು."

ಸೆವೆರಿನ್‌ನ ಆರು ವರ್ಷದ ಕಾಗದಗಳಲ್ಲಿ ಇದು ಎಲ್ಲೂ ಇರಲಿಲ್ಲ. ಗಾಳಿಯ ವೇಗವಿತ್ತು, ಪಾದರಸದ ಎತ್ತರವಿತ್ತು. ಎಚ್ಚರಿಕೆ ಕೇಳಿದ ಮನುಷ್ಯ ಅವಸರದಲ್ಲಿ ಕಡಲ ಕಡೆಗೇ ಓಡಬಹುದು ಎಂಬುದಕ್ಕೆ ಅವನು ಒಂದು ಅಕ್ಷರವನ್ನೂ ಇಟ್ಟಿರಲಿಲ್ಲ.

ಹಾಗ್ಬಾರ್ಟ್ ದೋಣಿಯ ಕಡೆ ನಡೆದ. ಆಗ ಸೆವೆರಿನ್‌ನ ಕಣ್ಣಿಗೆ ಒಣಹಾಕುವ ಕಂಬಗಳ ಮೇಲಿದ್ದ ಹಳೆಯ ಬಲೆಯೊಂದು ಬಿತ್ತು. ಅರವತ್ತು ವರ್ಷದ ಮಾಜಿ ಮಂತ್ರಿ, ಎರಡು ಪದಕಗಳ ಒಡೆಯ, ಉದ್ದ ಕೋಟಿನಲ್ಲಿ ಜಾರುತ್ತ ಓಡಿ ಆ ಬಲೆಯನ್ನು ಕಿತ್ತ. ಅದು ಕೋಟಿನ ಗುಂಡಿಗಳಿಗೆ ಸಿಕ್ಕಿಕೊಂಡಿತು. ಎಳೆದುಕೊಂಡು, ಎಡವಿಕೊಂಡು, ನೀರಿಗೆ ಮೊಣಕಾಲ ತನಕ ಇಳಿದು ಬಲೆಯನ್ನು ತಮ್ಮನ ದೋಣಿಯೊಳಕ್ಕೆ ಎಸೆದ. ಜೊತೆಗೆ ಒಂದು ಗುಂಡಿಯೂ ಹೋಯಿತು.

"ಕ್ಯಾಪ್ಟನ್, ಈಗ ಇದು ಮೀನುಗಾರಿಕೆ ದೋಣಿ. ಹೊರಡೋ ಹಾಗಿಲ್ಲ."

ಯಾರೂ ನಗಲಿಲ್ಲ. ಕ್ಯಾಪ್ಟನ್ ಕಾಗದ ನೋಡಿದ, ದೋಣಿ ನೋಡಿದ, ಮತ್ತೆ ಕಾಗದ ನೋಡಿದ. "ಹೌದು," ಎಂದ. "ಈಗ ಹೊರಡೋ ಹಾಗಿಲ್ಲ."

ಸೆವೆರಿನ್‌ಗೆ ಉಸಿರು ಬಂತು. ಮೂವತ್ತೊಂಬತ್ತು ದೋಣಿ ಹೋಗಲಿ. ಅವನಿಗೇ ನಾಚಿಕೆಯಾಗುವಂಥ ಯೋಚನೆ ಅದು, ಆದರೆ ಬಂತು. ಮೂವತ್ತೊಂಬತ್ತು ಹೋಗಲಿ, ಇದೊಂದು ಇರಲಿ.

ಹಾಗ್ಬಾರ್ಟ್ ಬಗ್ಗಿ ಬಲೆಯನ್ನು ಎತ್ತಿದ. ಎಸೆಯಲಿಲ್ಲ. ಅಂಚು ಸೇರಿಸಿ, ಮಗುವಿನ ಬಟ್ಟೆ ಮಡಿಸುವ ಹಾಗೆ ಮಡಿಸಿ, ಅಲೆ ತಾಗದ ಕಲ್ಲಿನ ಮೇಲೆ ಇಟ್ಟ. ಗುಂಡಿಯನ್ನು ಹುಡುಕಿ ತೆಗೆದು ಅಣ್ಣನ ಕೈಗೆ ಕೊಟ್ಟ.

"ಹೊಲಿಸ್ಕೋ," ಎಂದ.

ಕ್ಯಾಪ್ಟನ್ ಸಣ್ಣ ಪುಸ್ತಕದಲ್ಲಿ, ಒಂದು ಮೀನುಗಾರಿಕೆ ದೋಣಿ ಎಂದು ಆಗತಾನೆ ಹಾಕಿದ್ದ ಗುರುತನ್ನು ಹೊಡೆದು ಹಾಕಿದ.

ಹಾಗ್ಬಾರ್ಟ್ ದೋಣಿಗೆ ಕಾಲಿಟ್ಟ. ಕಾಲಿಟ್ಟವನನ್ನು ಹಿಂದಿನಿಂದ ಕರೆಯುವುದು ಅಪಶಕುನ ಎಂದು ಅವರ ಅಮ್ಮ ಹೇಳುತ್ತಿದ್ದಳು. ಸೆವೆರಿನ್‌ಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಬಾಯಿ ತೆರೆದು ಮುಚ್ಚಿದ. ಕೂರುವ ಮೊದಲು ತಮ್ಮನ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ, ಮೂಳೆಯ ಹಿಡಿ ಇದೆಯೇ ಎಂದು ಮುಟ್ಟಿ ನೋಡಿ ಹುಟ್ಟಿಗೆ ಬಂತು. ನಲವತ್ತು ದೋಣಿಗಳೂ ಒಟ್ಟಿಗೆ ದಡ ಬಿಟ್ಟವು. ನುಣುಪಾದ ನೀರಿನ ಮೇಲೆ ನೂರಾರು ಹುಟ್ಟುಗಳ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಲೊವೀಸ ಓಡಿ ಬಂದು ಒಂದು ಚೀಟಿ ಕೊಟ್ಟಳು. ಬೋಡೋ ಊರಿನದು, ದಕ್ಷಿಣದ ಊರುಗಳಲ್ಲೆಲ್ಲ ಇಲ್ಲಿಗೆ ಅತಿ ಹತ್ತಿರದ್ದು. ಅಲ್ಲೂ ಪಾದರಸ ಬೀಳಲು ಶುರುವಾಗಿತ್ತು. ಅವನು ಒಂದು ಕೈಯಲ್ಲಿ ಚೀಟಿ, ಒಂದು ಕೈಯಲ್ಲಿ ಗುಂಡಿ ಹಿಡಿದು ನಿಂತ. ಮನಸ್ಸು ತನ್ನ ಪಾಡಿಗೆ ಲೆಕ್ಕ ಮಾಡುತ್ತಿತ್ತು, ಬೇಡವೆಂದರೂ ನಿಲ್ಲಲಿಲ್ಲ. ಹನ್ನೊಂದಲ್ಲ. ಹತ್ತೂವರೆ.

ಕಂಬದ ಮೇಲೆ ಕಡಾಯಿ ಒಂದು ಸಲ ಅಲುಗಿತು. ಹೊಸ ಹಗ್ಗ ಚೆನ್ನಾಗಿ ಹಿಡಿದುಕೊಂಡಿತ್ತು.

ಅದರ ಕೆಳಗೆ ಕ್ಯಾಪ್ಟನ್ ಕ್ರೋಗ್ನೆಸ್ ದಿನಚರಿ ಪುಸ್ತಕ ತೆರೆದು, ಚಳಿಗೆ ಬೆರಳು ಊದಿಕೊಂಡು, ದುಂಡಗಿನ ಅಕ್ಷರಗಳಲ್ಲಿ ಬರೆದ. ಗುರುವಾರ, ಬೆಳಿಗ್ಗೆ ಆರೂ ನಲವತ್ತು. ಬುಟ್ಟಿ ಏರಿದೆ. ಕಡಲಿಗೆ ಹೋದ ಮೀನುಗಾರಿಕೆ ದೋಣಿಗಳು: ಇಲ್ಲ. ಕಾನೂನಿನ ಉಲ್ಲಂಘನೆ: ಇಲ್ಲ.